ಹೊಳೆ ದಾಟುತ್ತಾ ದಾಟುತ್ತಾ: ತಲಪಾಡಿಯಿಂದ ಮಾಜಾಳಿಗೆ ಬೈಕ್ ಸವಾರಿ

ಮೊದಲ ದಿನ: ತಲಪಾಡಿ – ಕುಂದಾಪುರ

ಕೇರಳ ಗಡಿಯ ತಲಪಾಡಿ ಟೋಲ್ ಗೇಟಿನಲ್ಲಿ ಬೈಕಿನವರನ್ನು ಯಾರೂ ಕೇಳುವುದಿಲ್ಲ. ಎಡಕ್ಕೆ ಒಂದು ಸಣ್ಣ ಸಂದಿ ಇದೆ, ಅದರಲ್ಲಿ ನುಸುಳಿದರೆ ಆಯಿತು. ಹೆದ್ದಾರಿಗಳಲ್ಲಿ ದ್ವಿಚಕ್ರಕ್ಕೆ ಸುಂಕವಿಲ್ಲ. ಕಾರಿನವರು ಫಾಸ್ಟ್ಯಾಗ್ ಬ್ಯಾಲೆನ್ಸ್ ನೋಡಿಕೊಂಡು ಹೊರಡಬೇಕು, ಯಾಕೆಂದರೆ ಇಲ್ಲಿಂದ ಗೋವಾ ಗಡಿಯವರೆಗೆ ಗೇಟುಗಳು ಜಾಸ್ತಿ. ನಾನು ಮತ್ತು ಹಿಂದೆ ಕೂತಿದ್ದ ಗೆಳೆಯ ಬೆಳಿಗ್ಗೆ ಏಳಕ್ಕೆ ಕೇರಳದ ಕಡೆಯ ಹೋಟೆಲಲ್ಲಿ ಚಹಾ ಕುಡಿದು, ಕರ್ನಾಟಕದ ಕಡೆ ಬೈಕ್ ಸ್ಟಾರ್ಟ್ ಮಾಡಿದೆವು. ಎರಡೂ ಕಡೆ ಕೇಳಿಸಿದ್ದು ತುಳುವೇ. 1956ರ ನವೆಂಬರ್‌ವರೆಗೆ ಕಾಸರಗೋಡು ಕೂಡ ದಕ್ಷಿಣ ಕನ್ನಡ ಜಿಲ್ಲೆಯದೇ ತಾಲ್ಲೂಕು. ಆಗ ಇಲ್ಲಿ ಗೇಟೂ ಇರಲಿಲ್ಲ, ಗಡಿಯೂ ಇರಲಿಲ್ಲ.

ಮುಂಬೈ ಪಕ್ಕದ ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ ಈ ರಸ್ತೆಗೆ ಈಗ ರಾಷ್ಟ್ರೀಯ ಹೆದ್ದಾರಿ 66 ಅಂತ ಹೆಸರು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರ್ ಕೊಟ್ಟಾಗ ಬಂದದ್ದು. ಊರವರ ಬಾಯಲ್ಲಿ ಇನ್ನೂ ಎನ್ಎಚ್ ಸೆವೆಂಟೀನೇ. ಕರ್ನಾಟಕದೊಳಗೆ ಇದರ ಉದ್ದ ಸುಮಾರು 280 ಕಿ.ಮೀ. ಜೋರಾಗಿ ಹೋದರೆ ಒಂದೇ ದಿನದಲ್ಲಿ ಮುಗಿಸಬಹುದು, ಲಾರಿಯವರು ಮುಗಿಸುತ್ತಾರೆ ಕೂಡ. ನಮಗೆ ಹಾಗೆ ಹೋಗುವುದು ಬೇಕಿರಲಿಲ್ಲ. ಈ ರಸ್ತೆಯ ಕಥೆ ಇರುವುದು ಡಾಂಬರಿನಲ್ಲಿ ಅಲ್ಲ, ಅದು ದಾಟುವ ಹೊಳೆಗಳಲ್ಲಿ ಅನ್ನುವುದು ನನ್ನ ಹಳೆಯ ವಾದ. ಘಟ್ಟದಿಂದ ಇಳಿದ ಒಂದೊಂದು ಹೊಳೆಯೂ ಸಮುದ್ರ ಸೇರುವ ಮುಂಚೆ ಇದಕ್ಕೆ ಅಡ್ಡ ಸಿಗುತ್ತದೆ. ಸೇತುವೆಗಳು ಬರುವ ಮೊದಲು ಪ್ರತಿ ಹೊಳೆಯಲ್ಲೂ ಕಡವು. ಬಸ್ಸು ದಡದಲ್ಲಿ ನಿಲ್ಲಬೇಕು, ಜನ ಗಂಟುಮೂಟೆ ಸಮೇತ ದೋಣಿ ಹತ್ತಬೇಕು, ಆಚೆ ದಡದಲ್ಲಿ ಇನ್ನೊಂದು ಬಸ್ಸು ಕಾಯುತ್ತಿರಬೇಕು. ದೂರದ ಪ್ರಯಾಣಕ್ಕೆ ಸಮುದ್ರವೇ ಹೆದ್ದಾರಿ ಆಗಿತ್ತು. ಬೊಂಬಾಯಿ ಸ್ಟೀಮರ್ ಕಾರವಾರ, ಹೊನ್ನಾವರ ಅಂತ ನಿಂತು ನಿಂತು ಮಂಗಳೂರಿಗೆ ಬರುತ್ತಿತ್ತು. ಮಳೆಗಾಲ ಶುರುವಾದರೆ ಅದೂ ಬಂದ್.

ತೊಕ್ಕೊಟ್ಟು ದಾಟಿದ ಮೇಲೆ ಮೊದಲ ಹೊಳೆ, ನೇತ್ರಾವತಿ. ಪಕ್ಕದಲ್ಲೇ ರೈಲು ಸೇತುವೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ದಕ್ಷಿಣದಿಂದ. ಉತ್ತರಕ್ಕೆ ಉಡುಪಿ, ಕಾರವಾರದ ಕಡೆ ರೈಲು ನೋಡಲು ಇನ್ನೂ ಸುಮಾರು ತೊಂಬತ್ತು ವರ್ಷ ಕಾಯಬೇಕಾಯಿತು. ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅಲ್ಲಿಯವರೆಗೆ ಹೋಟೆಲ್ ಕೆಲಸಕ್ಕೆ ಅಂತ ಮುಂಬೈಗೆ ಹೊರಟ ಉಡುಪಿ, ಕುಂದಾಪುರದ ಹುಡುಗರನ್ನು ಹೊತ್ತದ್ದು ಈ ರಸ್ತೆಯ ಬಸ್ಸುಗಳೇ.

ಪಂಪ್‌ವೆಲ್ ಫ್ಲೈಓವರ್ ಮೇಲೆ ಹೋಗುವಾಗ ಮಂಗಳೂರಿನವರಿಗೆ ಈಗಲೂ ಸಣ್ಣ ನಗು ಬರುತ್ತದೆ. ಹತ್ತಿರ ಹತ್ತಿರ ಹತ್ತು ವರ್ಷ ಕಟ್ಟಿ, 2020ರ ಜನವರಿ 31ಕ್ಕೆ ಬಿಟ್ಟ ಸೇತುವೆ ಅದು. ಅಷ್ಟರಲ್ಲಿ ಅದರ ಮೇಲೆ ಹುಟ್ಟಿದ ಜೋಕುಗಳನ್ನು ಸೇರಿಸಿದರೆ ಒಂದು ಪುಸ್ತಕ ಆಗುತ್ತಿತ್ತು. ನಂತೂರು, ಕೆಪಿಟಿ, ಕೂಳೂರು ಇವುಗಳನ್ನು ಎಂಟು ಗಂಟೆಯೊಳಗೆ ದಾಟಿಬಿಡಬೇಕು. ಒಂಬತ್ತಾದರೆ ಫಲ್ಗುಣಿ ಹೊಳೆಯನ್ನು ಬೇಕಾದಷ್ಟು ಹೊತ್ತು ನೋಡಬಹುದು, ಯಾಕೆಂದರೆ ವಾಹನ ಮುಂದೆ ಹೋಗುವುದೇ ಇಲ್ಲ. ಪಣಂಬೂರಿನಲ್ಲಿ ಅದಿರು, ಕಲ್ಲಿದ್ದಲು, ಗ್ಯಾಸ್ ಟ್ಯಾಂಕರ್‌ಗಳ ರಾಜ್ಯ. 1974ರಲ್ಲಿ ಇಲ್ಲಿ ಹೊಸ ಬಂದರು ಆದಮೇಲೆ ರಸ್ತೆಯ ಸ್ವಭಾವವೇ ಬದಲಾಯಿತು. ಸುರತ್ಕಲ್‌ನಲ್ಲಿ ಟೋಲ್ ಗೇಟ್ ಇದ್ದ ಜಾಗ ಈಗ ಖಾಲಿ. ಊರವರು ಹಗಲು ರಾತ್ರಿ ಧರಣಿ ಕೂತು 2022ರ ಡಿಸೆಂಬರ್‌ನಲ್ಲಿ ಅದನ್ನು ಎತ್ತಿಸಿದರು. ಕರಾವಳಿಯ ಜನ ರಸ್ತೆಗಾಗಿ ಜಗಳ ಆಡಿದ್ದು ಬಹಳ, ಗೆದ್ದದ್ದು ಕಡಿಮೆ. ಹಾಗಾಗಿ ಆ ಖಾಲಿ ಜಾಗ ನೋಡಲು ಖುಷಿಯೇ.

ಮೂಲ್ಕಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋಗಿ ಬನ್ಸ್, ಗೋಳಿಬಜೆ ತಿಂದೆವು. ಗೋಳಿಬಜೆ ಬಿಸಿ ಇತ್ತು, ಬನ್ಸ್ ಇರಲಿಲ್ಲ. ಈ ದಾರಿಯಲ್ಲಿ ತಿನ್ನಬೇಕಾದರೆ ಹೆದ್ದಾರಿ ಪಕ್ಕದ ದೊಡ್ಡ ಬೋರ್ಡಿನ ಹೋಟೆಲುಗಳನ್ನು ಬಿಟ್ಟು, ಹಳೇ ಪೇಟೆಯೊಳಗೆ ಹೋಗುವುದೇ ಒಳ್ಳೆಯದು. ಚತುಷ್ಪಥ ಆದಮೇಲೆ ಪೇಟೆಗಳೆಲ್ಲ ರಸ್ತೆಯಿಂದ ಒಂದು ಹೆಜ್ಜೆ ಹಿಂದೆ ಸರಿದಿವೆ, ರುಚಿಯೂ ಅವುಗಳ ಜೊತೆ ಸರಿದಿದೆ.

ಶಾಂಭವಿ ಹೊಳೆ ದಾಟಿದರೆ ಉಡುಪಿ ಜಿಲ್ಲೆ. ಪಡುಬಿದ್ರಿ, ಉಚ್ಚಿಲ, ಕಾಪು ಬೇಗ ಬೇಗ ಬರುತ್ತವೆ. 1901ರಲ್ಲಿ ಕಟ್ಟಿದ ಕಾಪು ದೀಪಸ್ತಂಭಕ್ಕೆ ಸಂಜೆ ಹೊತ್ತಿಗೆ ಹೋಗಬೇಕು. ನಮಗೆ ಸಿಕ್ಕಿದ್ದು ಹತ್ತೂವರೆಯ ಬಿಸಿಲು, ಹಾಗಾಗಿ ಬಿಟ್ಟೆವು. ಕಟಪಾಡಿಯಲ್ಲಿ ಶಂಕರಪುರ ಮಲ್ಲಿಗೆ ಕಟ್ಟಿಕೊಂಡು ಕೂತ ಹೆಂಗಸೊಬ್ಬರು ಬಾಳೆಯ ನಾರಿನಲ್ಲಿ ಮೊಗ್ಗು ಸೇರಿಸುವ ವೇಗ ನೋಡುತ್ತಾ ನಿಂತೆವು. ಬೆರಳು ಕೆಲಸ ಮಾಡುತ್ತದೆ, ಕಣ್ಣು ರಸ್ತೆ ಮೇಲಿದೆ, ಬಾಯಿ ಪಕ್ಕದವರ ಜೊತೆ ಮಾತಾಡುತ್ತಿದೆ. "ಇವತ್ತು ಅಟ್ಟೆಗೆ ಎಷ್ಟು?" ಅಂದೆ. ಅಟ್ಟೆ ಅಂದರೆ ಮಲ್ಲಿಗೆಯ ಕಟ್ಟು. "ಮದುವೆ ಸೀಸನ್ ಅಲ್ವಾ, ಕೇಳ್ಬೇಡಿ" ಅಂದರು. ಕೇಳಲಿಲ್ಲ.

ಉಡುಪಿ ದಾಟಿದ ಮೇಲೆ ನಮ್ಮ ಮೊದಲ ಅನಾಹುತ. ಮುಂದೆ ಮೀನಿನ ಲಾರಿ ಇತ್ತು. ಐಸ್ ಕರಗಿದ ನೀರು ಹಿಂದಿನ ಬಾಗಿಲ ಸಂದಿಯಿಂದ ಸೋರುತ್ತಾ ರಸ್ತೆ ಮೇಲೆ ಕಪ್ಪು ಗೆರೆ ಎಳೆಯುತ್ತಿತ್ತು. ಓವರ್‌ಟೇಕ್ ಮಾಡಬೇಕು ಅನ್ನುವಷ್ಟರಲ್ಲಿ ಅದು ಹಂಪ್ ಹಾರಿತು. ಎದೆಯಿಂದ ಹೆಲ್ಮೆಟ್‌ವರೆಗೆ ಬಂಗುಡೆ ಅಭಿಷೇಕ. ಹಿಂದೆ ಕೂತವನಿಗೆ ಒಂದು ಹನಿಯೂ ಬೀಳಲಿಲ್ಲ, ನಾನು ತಡೆಗೋಡೆ ಆಗಿದ್ದೆ. ನಗುವ ವಿಷಯ ಹೌದು, ಆದರೆ ಆ ನೀರು ಬಿದ್ದ ಡಾಂಬರು ಬೈಕಿಗೆ ನಿಜಕ್ಕೂ ಅಪಾಯ. ಕರಾವಳಿಯಲ್ಲಿ ದ್ವಿಚಕ್ರದವರು ಮೀನಿನ ಲಾರಿಯ ಹಿಂದೆ ಹೋಗಲೇಬಾರದು, ತಿರುವಿನಲ್ಲಂತೂ ಬ್ರೇಕ್ ಹಿಡಿಯುವುದೇ ಬೇಡ. ಕಲ್ಯಾಣಪುರದಲ್ಲಿ ಸ್ವರ್ಣಾ ಸೇತುವೆಯ ಈಚೆ ಒಂದು ಗ್ಯಾರೇಜಿನ ನಲ್ಲಿಯಲ್ಲಿ ಜಾಕೆಟ್ ತೊಳೆದೆ. ವಾಸನೆ ಹೋಗಲಿಲ್ಲ.

ಇಲ್ಲಿ ಸ್ವಲ್ಪ ಮರಗಳ ವಿಷಯ ಹೇಳಬೇಕು. 14ನೇ ಶತಮಾನದಲ್ಲಿ ಈ ಕರಾವಳಿಯಲ್ಲಿ ಓಡಾಡಿದ ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತಾ, ಗೋವಾದಿಂದ ಕೊಲ್ಲಂವರೆಗೆ ದಾರಿಯುದ್ದಕ್ಕೂ ಮರಗಳ ನೆರಳು, ಅರ್ಧ ಮೈಲಿಗೊಂದು ಮರದ ಚಾವಡಿ, ಕೂರಲು ಹಲಗೆ, ಕುಡಿಯಲು ಬಾವಿ ಇದ್ದವು ಅಂತ ಬರೆದಿದ್ದಾನೆ. ಅವನು ಹೇಳುವ ಫಾಕನೂರು ಅಂದರೆ ಬ್ರಹ್ಮಾವರದಿಂದ ಒಳಗಿರುವ ನಮ್ಮ ಬಾರ್ಕೂರು. ಚಾವಡಿ ಬಿಡಿ, ನಾನು ಚಿಕ್ಕವನಿದ್ದಾಗ ನೋಡಿದ ಗೋಳಿಮರಗಳೂ ಈಗ ಇಲ್ಲ. ರಸ್ತೆ ಅಗಲ ಆಗಬೇಕಾದರೆ ಮರ ಹೋಗಬೇಕು ಅನ್ನುವುದು ಸರಿ. ಆದರೆ ಹೋದ ಮರಕ್ಕೆ ಬದಲು ನೆಟ್ಟದ್ದೇನು? ಡಿವೈಡರಿನ ಕಣಗಿಲೆ ಗಿಡ. ಜನವರಿಯ ಹನ್ನೊಂದು ಗಂಟೆಗೇ ಹೆಲ್ಮೆಟ್ ಒಳಗೆ ಬೆವರು ಇಳಿಯುತ್ತಿತ್ತು, ಬೈಕ್ ನಿಲ್ಲಿಸಲು ನೆರಳು ಹುಡುಕಿ ಹುಡುಕಿ ಕೊನೆಗೆ ಬಸ್ ಸ್ಟ್ಯಾಂಡ್ ತಗಡಿನ ಕೆಳಗೆ ನಿಂತೆವು.

ಆ ತಗಡಿನ ಕೆಳಗೆ ಸಿಕ್ಕಿದ ಅಜ್ಜನಿಂದ ನಮ್ಮ ದಿನ ಸಾರ್ಥಕ ಆಯಿತು. ಮಾಬುಕಳ ಸೇತುವೆಯ ಪಕ್ಕದ ಸ್ಟಾಪ್ ಅದು. ಕೆಳಗೆ ಸೀತಾ ಹೊಳೆ, ಉಪ್ಪುನೀರು, ಉಬ್ಬರ ಏರುತ್ತಿತ್ತು. ಸಂಕ, ಅಂದರೆ ಸೇತುವೆ, ಆಗುವ ಮೊದಲು ಹೇಗೆ ದಾಟುತ್ತಿದ್ದಿರಿ ಅಂತ ಸುಮ್ನೆ ಕೇಳಿದೆ. "ಸಂಕ ಎಲ್ಲಿತ್ತ್ ಮರಾಯ್ರೆ? ದೋಣಿಯಂಗೇ ಹೋಯ್ಕಿತ್ತ್" ಅಂತ ಶುರು ಮಾಡಿದರು. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿ ಕಾರು ದಾಟಿಸುತ್ತಿದ್ದರಂತೆ. ಗಾಳಿ ಜೋರಿದ್ದರೆ ಅಂಬಿಗ ದೋಣಿ ಬಿಡುತ್ತಿರಲಿಲ್ಲ, ಅವನು ಬಿಡದಿದ್ದರೆ ಕಲೆಕ್ಟರೂ ಕೂರಬೇಕಿತ್ತು. ಕಾಯುವವರಿಗೆ ಅಂತ ದಡದಲ್ಲಿ ಅವಲಕ್ಕಿ ಅಂಗಡಿ, ಬೀಡಿ ಅಂಗಡಿ. ಸಂಕ ಆದ ಮರುವರ್ಷವೇ ಅಂಗಡಿಗಳು ಮುಚ್ಚಿದವಂತೆ. "ಸಂಕದಿಂದ ನಮ್ಗೆ ಅನ್ಕೂಲ ಆಯ್ತ್, ಅಂಗ್ಡಿಯವ್ನಿಗೆ ಆಯ್ಲಿಲ್ಲ." ಅವರ ಬಸ್ಸು ಬಂತು, ಮಾತು ಅಲ್ಲಿಗೇ ನಿಂತಿತು. ಗಮನಿಸಿದ್ದೀರಾ, ಇಲ್ಲಿಂದ ಮುಂದೆ ತುಳು ಮೆಲ್ಲಗೆ ಕಡಿಮೆಯಾಗಿ ಕುಂದಾಪುರ ಕನ್ನಡ ಹಿಡಿದುಕೊಳ್ಳುತ್ತದೆ. ಹೊಳೆ ಇದ್ದಲ್ಲಿ ಮಾತೂ ಬದಲಾಗುತ್ತದೆ.

ಶಿವರಾಮ ಕಾರಂತರು ಹುಟ್ಟಿದ ಕೋಟದಲ್ಲಿ ಊಟ, ಕುಚಲಕ್ಕಿ ಅನ್ನಕ್ಕೆ ಬಂಗುಡೆ ಪುಳಿಮುಂಚಿ. ಜಾಕೆಟ್ಟಿನ ವಾಸನೆಗೆ ಅಲ್ಲಿ ಯಾರೂ ಮೂಗು ಮುಚ್ಚಲಿಲ್ಲ. ಕುಂದಾಪುರಕ್ಕೆ ನಾಲ್ಕು ಗಂಟೆಗೇ ತಲುಪಿ, ಸಂಜೆ ಪಂಚಗಂಗಾವಳಿ ದಡಕ್ಕೆ ನಡೆದು ಹೋದೆವು. ಎದುರಿಗೆ ಗಂಗೊಳ್ಳಿ ಬಂದರು. ದೋಣಿಗಳ ಬಣ್ಣ ಕಾಣುತ್ತದೆ, ಮೈಕಿನ ಸದ್ದು ಕೇಳುತ್ತದೆ, ಆದರೆ ರಸ್ತೆಯಲ್ಲಿ ಹೋಗಬೇಕಾದರೆ ಹೆಮ್ಮಾಡಿ ಸುತ್ತಿ ಹೋಗಬೇಕು. ಐದು ಹೊಳೆಗಳು ಬಂದು ಸೇರುವ ಜಾಗದಲ್ಲಿ ಹೆದ್ದಾರಿಯವರೂ ಒಳಗಿನಿಂದ ಸುತ್ತಿಯೇ ಹೋಗಿದ್ದಾರೆ.

ರಾತ್ರಿ ಪೇಟೆಯಿಂದ ಸ್ವಲ್ಪ ಹೊರಗೆ ಗದ್ದೆಯಲ್ಲಿ ಮಂದಾರ್ತಿ ಮೇಳದ ಹರಕೆ ಆಟ, ಅಂದರೆ ಯಕ್ಷಗಾನ, ಇತ್ತು. ಚಂಡೆ ಕೇಳಿಯೇ ಹೋದದ್ದು. ಒಂದು ಗಂಟೆ ನೋಡಿ ಏಳೋಣ ಅಂದುಕೊಂಡವರು ಎದ್ದಾಗ ಎರಡು ಗಂಟೆ ರಾತ್ರಿ. ಜನವರಿಯಲ್ಲಿ ಈ ಕಡೆ ಬಂದವರು ರಾತ್ರಿಯ ಊಟ ಬೇಗ ಮುಗಿಸಿ, ಎಲ್ಲಿ ಆಟ ಇದೆ ಅಂತ ಹೋಟೆಲಿನವರನ್ನು ಕೇಳಬೇಕು. ಯಾವ ದಿಕ್ಕಿಗೆ ಹೋದರೂ ಒಂದಲ್ಲ ಒಂದು ಸಿಗುತ್ತದೆ.

ಎರಡನೇ ದಿನ: ಕುಂದಾಪುರ – ಕುಮಟಾ

ನಿದ್ದೆಗಣ್ಣಿನಲ್ಲಿ ಹೊರಟವರಿಗೆ ಹೆಮ್ಮಾಡಿಯಲ್ಲಿ ಎಚ್ಚರ ಆಯಿತು. ಸೇವಂತಿಗೆ ಗದ್ದೆಗಳು! ಹೆಮ್ಮಾಡಿಯ ಸಣ್ಣ ಹಳದಿ ಸೇವಂತಿಗೆ ಮಕರ ಸಂಕ್ರಾಂತಿಯ ಹೊತ್ತಿಗೆ ಸರಿಯಾಗಿ ಅರಳುತ್ತದೆ. ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಈ ಹೂವೇ ಬೇಕು. ಭತ್ತ ಕೊಯ್ದ ಗದ್ದೆಯಲ್ಲಿ ಗಿಡ ನೆಟ್ಟು, ಕೊಡಪಾನದಲ್ಲಿ ನೀರು ಹೊಯ್ದು, ಜಾತ್ರೆಯ ಆ ಕೆಲವು ದಿನಕ್ಕೋಸ್ಕರ ತಿಂಗಳುಗಟ್ಟಲೆ ದುಡಿಯುತ್ತಾರೆ. ಗದ್ದೆಯಲ್ಲಿದ್ದ ಒಬ್ಬರು ಈ ಸಲ ಡಿಸೆಂಬರಿನ ಮೋಡಕ್ಕೆ ಮೊಗ್ಗು ತಡ ಆಯಿತು ಅಂತ ಬೇಸರ ಮಾಡಿಕೊಂಡರು. ಹೆದ್ದಾರಿಯ ಧೂಳು ಕೂತರೆ ಹೂವಿನ ಬಣ್ಣ ಮಂಕಾಗುತ್ತದಂತೆ, ಅದಕ್ಕೆ ರಸ್ತೆ ಪಕ್ಕದ ಎರಡು ಸಾಲು ಅವರು ಲೆಕ್ಕಕ್ಕೇ ಇಡುವುದಿಲ್ಲ.

ಮರವಂತೆಯಲ್ಲಿ ಎಲ್ಲರೂ ನಿಲ್ಲುತ್ತಾರೆ, ನಾವೂ ನಿಂತೆವು, ಆದರೆ ನಮ್ಮ ಇಷ್ಟದಿಂದ ಅಲ್ಲ. ತ್ರಾಸಿ ದಾಟುತ್ತಿದ್ದಂತೆ ಹಿಂದಿನ ಚಕ್ರ ತೂಗಾಡಲು ಶುರುವಾಯಿತು. ಪಂಕ್ಚರ್. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ಗಾಳಿ ಹೋದ ಬೈಕ್ ತಳ್ಳುವ ಇಬ್ಬರು. ಹೊಳೆ ಸಮುದ್ರಕ್ಕೆ ಕೈಗೆಟಕುವಷ್ಟು ಹತ್ತಿರ ಬಂದು, ಸೇರದೆ ತಿರುಗಿ ದಕ್ಷಿಣಕ್ಕೆ ಹೋಗುತ್ತದೆ. ಅದು ಕಡಲು ಸೇರುವುದು ಗಂಗೊಳ್ಳಿಯ ಹತ್ತಿರ. ತಳ್ಳುತ್ತಾ ಹೋದದ್ದರಿಂದ ಒಂದು ಲಾಭ ಆಯಿತು. ಕಾರಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ದಾರಿಯಲ್ಲಿ ಮುಕ್ಕಾಲು ಗಂಟೆ ಕಳೆದೆವು. ಕಡಲಿನ ಕಡೆ ರಾಶಿ ರಾಶಿ ಕಪ್ಪು ಬಂಡೆ, ಕೊರೆತ ತಡೆಯಲು ಹಾಕಿದ್ದು. ಹೊಳೆಯ ಕಡೆ ತೆಂಗು ತುಂಬಿದ ಕುದ್ರುಗಳು, ಅಂದರೆ ನಡುಗಡ್ಡೆಗಳು, ಆಚೆ ನೀಲಿ ಕೊಡಚಾದ್ರಿ ಸಾಲು. ಮಳೆಗಾಲದಲ್ಲಿ ಅಲೆ ಬಂಡೆ ಹಾರಿ ರಸ್ತೆಗೆ ಬೀಳುತ್ತದೆ. ಜನವರಿಯಲ್ಲಿ ಅದು ಸಾಧು. ವರಾಹ ಸ್ವಾಮಿಯ ದೇವಸ್ಥಾನದ ಎದುರು ತಳ್ಳಿ ನಿಲ್ಲಿಸಿದಾಗ, ಎಳನೀರಿನವನು ಫೋನ್ ಮಾಡಿ ಪಂಕ್ಚರ್ ಹುಡುಗನನ್ನು ಕರೆಸಿದ. ಸ್ಕೂಟರಿನಲ್ಲಿ ಬಂದ ಆ ಹುಡುಗ ಬಿಹಾರದವನು, ಮಾತಾಡಿದ್ದು ಅಪ್ಪಟ ಕುಂದಾಪುರ ಕನ್ನಡ. ಟಯರಿನಿಂದ ತೆಗೆದದ್ದು ಬೆರಳುದ್ದದ ಕಬ್ಬಿಣದ ತಂತಿ. "ಲಾರಿ ಟಯರ್ ಒಡ್ದ್ರೆ ಇದೇ ಬೀಳೂದ್" ಅಂದ. ಹೆದ್ದಾರಿಯ ಎಡ ಅಂಚಿನಲ್ಲಿ ಕಸ ಎಲ್ಲ ಸೇರಿಕೊಳ್ಳುತ್ತದೆ, ಬೈಕಿನವರು ಅಂಚಿಗೆ ತೀರಾ ಒತ್ತಿ ಹೋಗಬಾರದು ಅನ್ನುವುದು ಅವನ ಉಚಿತ ಸಲಹೆ.

ಬೈಂದೂರು ದಾಟಿದರೆ ಒತ್ತಿನೆಣೆ. ಗುಡ್ಡ ಸೀಳಿ ರಸ್ತೆ ಇಳಿಸಿದ್ದಾರೆ. ಮೇಲಿನಿಂದ ಸೋಮೇಶ್ವರ ಕಡಲತೀರದ ನೋಟ ಚೆಂದ, ಪಕ್ಕದ ಗುಡ್ಡದ ನೋಟ ಅಷ್ಟು ಚೆಂದ ಅಲ್ಲ. ಮೇಲೆ ಗಟ್ಟಿ ಮುರಕಲ್ಲು, ಅದರ ಕೆಳಗೆ ಬಿಳಿ, ಗುಲಾಬಿ ಬಣ್ಣದ ಶೇಡಿಮಣ್ಣು. ಒಣಗಿದಾಗ ಕಲ್ಲಿನಂತೆ ನಿಲ್ಲುವ ಶೇಡಿ ನೀರು ಕುಡಿದರೆ ಪಾಯಸ ಆಗುತ್ತದೆ. ಗುಡ್ಡದ ಬುಡವನ್ನು ನೇರ ಗೋಡೆಯಂತೆ ಕಡಿದರೆ ಮೊದಲ ಜೋರು ಮಳೆಗೆ ಮೇಲಿನದೆಲ್ಲ ಕೆಳಗೆ. ಇಲ್ಲಿ ಹಾಗೆ ಆಗಿದೆ ಕೂಡ, ಮಳೆಗಾಲದಲ್ಲಿ ಮಣ್ಣು ರಸ್ತೆಗೇ ಬಂದಿದೆ. ಈಗ ಸಿಮೆಂಟಿನ ಹೊದಿಕೆ ಹಾಕಿದ್ದಾರೆ. ಬಾವಿ ತೋಡಿದ ಯಾವ ಊರವನನ್ನು ಕೇಳಿದ್ದರೂ ಶೇಡಿಯ ವಿಷಯ ಹೇಳುತ್ತಿದ್ದ.

ಶಿರೂರಿನ ಟೋಲ್ ಗೇಟ್ ದಾಟುವಾಗ ಗೆಳೆಯನಿಗೆ ಹೇಳಿದೆ, ನಾವೀಗ ಮದ್ರಾಸಿನಿಂದ ಬೊಂಬಾಯಿಗೆ ಬಂದೆವು ಅಂತ. ತಮಾಷೆ ಅಲ್ಲ. ಇಡೀ ಕೆನರಾ ಮೊದಲು ಮದ್ರಾಸ್ ಪ್ರಾಂತ್ಯದ್ದು. 1862ರಲ್ಲಿ ಉತ್ತರ ಕನ್ನಡವನ್ನು ಮಾತ್ರ ಬೊಂಬಾಯಿಗೆ ಸೇರಿಸಿದರು. ಕಾರಣ ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತ್ತು, ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹಾಕಲು ಬೊಂಬಾಯಿಯ ವ್ಯಾಪಾರಿಗಳಿಗೆ ಕಾರವಾರದ ಬಂದರು ಬೇಕಿತ್ತು. ಹಾಗೆ 1956ರವರೆಗೆ ಬೈಂದೂರು ಒಂದು ರಾಜ್ಯ, ಭಟ್ಕಳ ಇನ್ನೊಂದು ರಾಜ್ಯ. ಒಂದೇ ಕಡಲತೀರದ ರಸ್ತೆಯ ಅರ್ಧವನ್ನು ಒಬ್ಬರು, ಉಳಿದರ್ಧವನ್ನು ಇನ್ನೊಬ್ಬರು ನೋಡಿಕೊಂಡರೆ ಅದು ಬೇಗ ಬೆಳೆಯುವುದು ಹೇಗೆ?

ಭಟ್ಕಳದಲ್ಲಿ ಹೆದ್ದಾರಿಯಿಂದ ಹಳೇ ಪೇಟೆಗೆ ಹೊಕ್ಕು ಬಿರಿಯಾನಿ ಊಟ. ಮಸಾಲೆ ಅಡಿಯಲ್ಲಿ, ಅನ್ನ ಮೇಲೆ, ಈರುಳ್ಳಿಯ ಸಿಹಿ ಮುಂದೆ, ಖಾರ ಆಮೇಲೆ. ಶಾವಿಗೆ ಬಿರಿಯಾನಿಯೂ ಇಲ್ಲಿಯ ವಿಶೇಷ, ಅದು ಎಲ್ಲ ದಿನ ಸಿಗುವುದಿಲ್ಲ. ಪಕ್ಕದ ಮೇಜಿನವರು ಇಲ್ಲಿಯ ಮುಸ್ಲಿಮರ ಮಾತಾದ ನವಾಯತಿಯಲ್ಲಿ ಮಾತಾಡುತ್ತಿದ್ದರು. ನನಗೆ ಅರ್ಧ ಕೊಂಕಣಿ ಬರುವುದರಿಂದ ಅರ್ಧ ಅರ್ಥವಾಯಿತು, ಯಾರದೋ ದುಬೈ ಟಿಕೆಟ್ಟಿನ ದರದ ಬಗ್ಗೆ. ಅರಬ್ ಕುದುರೆ ಇಳಿಯುತ್ತಿದ್ದ ಬಂದರು ಇದು, ಕೊಲ್ಲಿಯ ನಂಟು ಇನ್ನೂ ಬಿಟ್ಟಿಲ್ಲ. ಮುರ್ಡೇಶ್ವರದ ಶಿವ ದೂರದಿಂದಲೇ ಕಂಡ. ಶನಿವಾರದ ಜಂಗುಳಿ ನೋಡಿ ನಾವು ದೂರದಿಂದಲೇ ಕೈಮುಗಿದೆವು.

ಹೊನ್ನಾವರದ ಶರಾವತಿ ಸೇತುವೆಗೆ ಬಂದಾಗ ಐದು ಗಂಟೆ. ಇಡೀ ದಾರಿಯಲ್ಲಿ ನನಗೆ ಹೆಚ್ಚು ಇಷ್ಟವಾದ ಹೊಳೆ ಇದು. ಒಳಗಡೆಗೆ ಕೊಂಕಣ ರೈಲಿನ ಎರಡು ಕಿ.ಮೀ.ಗಿಂತ ಉದ್ದದ ಸೇತುವೆ, ಈಚೆ ಕಾಸರಕೋಡಿನ ಮೀನುಗಾರಿಕೆ ದೋಣಿಗಳು, ಅಳಿವೆಯಲ್ಲಿ ಬಿಳಿ ನೊರೆ. ಜೋಗದಲ್ಲಿ ಬಿದ್ದ ನೀರು ಇಷ್ಟು ಸೋಮಾರಿ ಆಗುತ್ತದೆ ಅಂತ ನಂಬುವುದೇ ಕಷ್ಟ. ಬತೂತಾ ಇಲ್ಲಿಯೂ ಉಳಿದಿದ್ದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಅಂತ ಆಶ್ಚರ್ಯಪಟ್ಟಿದ್ದಾನೆ. ಈಗ ಹೊನ್ನಾವರ ಅಂದರೆ ಬಸ್ಸಿನವರಿಗೆ ಹತ್ತು ನಿಮಿಷದ ಚಹಾ. ಸೇತುವೆ ಮೇಲೆ ಬೈಕ್ ನಿಲ್ಲಿಸುವುದು ಬೇಡ, ಲಾರಿಗಳು ತಾಗುವಷ್ಟು ಹತ್ತಿರ ಹೋಗುತ್ತವೆ. ಕಾಸರಕೋಡಿನ ಕಡೆ ಇಳಿದು ದಡಕ್ಕೆ ಹೋದರೆ ನೋಟವೂ ಸಿಗುತ್ತದೆ, ಜೀವವೂ ಉಳಿಯುತ್ತದೆ.

ಕತ್ತಲಾಗುವ ಹೊತ್ತಿಗೆ ಕುಮಟಾ. ಕರ್ಕಿಯ ಹತ್ತಿರ ಗಾಣ ಇಟ್ಟುಕೊಂಡವನೊಬ್ಬ ಕಬ್ಬಿನ ಹಾಲಿಗೆ ಶುಂಠಿ ಹಾಕಿ ಕೊಟ್ಟ. ದೊಡ್ಡ ಲೋಟ, ಇನ್ನೊಂದು ಕೇಳಿದರೆ ದುಡ್ಡು ತೆಗೆದುಕೊಳ್ಳಲಿಲ್ಲ. ಅಲ್ಲಿಗೆ ರಾತ್ರಿಯ ಊಟ ಬೇಡವಾಯಿತು.

ಮೂರನೇ ದಿನ: ಕುಮಟಾ – ಮಾಜಾಳಿ

ಬೆಳಿಗ್ಗೆ ಅಘನಾಶಿನಿ. ಅಣೆಕಟ್ಟು ಇಲ್ಲದೆ ಸಮುದ್ರ ಸೇರುವ ನದಿ, ಹಾಗಾಗಿ ಅಳಿವೆಯಲ್ಲಿ ಜೀವ ಜಾಸ್ತಿ. ನೀರು ಇಳಿದಾಗ ಹೆಂಗಸರು ಸೊಂಟದವರೆಗೆ ನೀರಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುತ್ತಿದ್ದರು. ಕಾಲಲ್ಲೇ ತಡಕಿ ಸಿಕ್ಕಿದ್ದನ್ನು ಬುಟ್ಟಿಗೆ ಹಾಕುವುದು. ದಡದ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. ಹೆದ್ದಾರಿಯಿಂದ ಅರ್ಧ ಕಿ.ಮೀ. ಒಳಗೆ ಮಿರ್ಜಾನ್ ಕೋಟೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಕೋಟೆ ಪೂರ್ತಿ ನಿಮ್ಮದೇ. ಚೀರೆಕಲ್ಲಿನ ಗೋಡೆ ಮೇಲೆ ಪಾಚಿ ಒಣಗಿ ಕಂದು ಆಗಿತ್ತು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದ ಕಾಳುಮೆಣಸಿನ ವ್ಯಾಪಾರಕ್ಕೂ ಈ ಕೋಟೆಗೂ ನಂಟು ಹೇಳುತ್ತಾರೆ. ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆದರು. ಘಟ್ಟದ ಮೆಣಸು ಹೊಳೆಯಲ್ಲಿ ಇಳಿದು ಬಂದು ಹಡಗು ಹತ್ತುತ್ತಿತ್ತು. ಕೋಟೆ ಹೊಳೆಯ ಕಡೆ ಮುಖ ಮಾಡಿದೆ, ಹೆದ್ದಾರಿ ಅದಕ್ಕೆ ಹಿತ್ತಲು.

ಗೋಕರ್ಣ ಕ್ರಾಸಿನಲ್ಲಿ ತಿರುಗಲಿಲ್ಲ, ಅದಕ್ಕೆ ಬೇರೆಯೇ ಪ್ರವಾಸ ಬೇಕು. ಸ್ವಲ್ಪ ಮುಂದೆ ಅಂಕೋಲಾ ತಾಲ್ಲೂಕಿನ ಶಿರೂರು. ನಿನ್ನೆ ದಾಟಿದ ಶಿರೂರು ಅಲ್ಲ. ಎಡಕ್ಕೆ ಗಂಗಾವಳಿ ಹೊಳೆ, ಬಲಕ್ಕೆ ಕೆಂಪಗೆ ಬಾಯಿ ತೆರೆದ ಗುಡ್ಡ. 2024ರ ಜುಲೈ 16ರ ಬೆಳಿಗ್ಗೆ ಈ ಗುಡ್ಡ ಕುಸಿದು ರಸ್ತೆಯನ್ನೂ, ರಸ್ತೆ ಪಕ್ಕ ಲಾರಿಯವರು ಚಹಾಕ್ಕೆ ನಿಲ್ಲುತ್ತಿದ್ದ ಹೋಟೆಲನ್ನೂ, ನಿಂತಿದ್ದ ವಾಹನಗಳನ್ನೂ ಹೊಳೆಗೆ ತಳ್ಳಿತು. ಮಣ್ಣು ಬಿದ್ದ ರಭಸಕ್ಕೆ ಹೊಳೆಯ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳನ್ನು ಬಡಿಯಿತು. ಕೇರಳದ ಚಾಲಕನೊಬ್ಬನ ಲಾರಿ, ಅದರೊಳಗೆ ಅವನ ದೇಹ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಆರು ತಿಂಗಳ ನಂತರ ನಾವು ಹೋದಾಗ ವಾಹನಗಳು ನಿಧಾನ ಮಾಡಿ, ಕಿಟಕಿ ಇಳಿಸಿ ನೋಡಿ ಮುಂದೆ ಹೋಗುತ್ತಿದ್ದವು. ನಾವು ಸ್ವಲ್ಪ ಆಚೆ, ಬಯಲಿನಂಥ ಜಾಗದಲ್ಲಿ ನಿಂತೆವು. ಅಲ್ಲಿ ಎಮ್ಮೆ ಹೊಡೆದುಕೊಂಡು ಬಂದವರೊಬ್ಬರು ತಾವಾಗಿಯೇ ಮಾತಿಗೆ ನಿಂತರು. "ಗುಡ್ಡ ನಮ್ಮಜ್ಜನ ಕಾಲದಿಂದಲೂ ಇಲ್ಲೇ ಇತ್ತು. ರಸ್ತೆಯೂ ಇತ್ತು, ಸಣ್ಣದು. ಗುಡ್ಡದ ಕಾಲು ಕಡಿದದ್ದು ಈಗ." ಅಷ್ಟೇ ಹೇಳಿ ಎಮ್ಮೆ ಹಿಂದೆ ಹೋದರು. ಕಡಿದ ಗುಡ್ಡಗಳು ಈ ದಾರಿಯಲ್ಲಿ ಇನ್ನೂ ಇವೆ. ಜೂನ್‌ನಿಂದ ಆಗಸ್ಟ್‌ವರೆಗೆ ಕುಮಟಾ–ಕಾರವಾರ ನಡುವೆ ಹೋಗುವವರು ರಾತ್ರಿ ಪ್ರಯಾಣ ಬಿಟ್ಟುಬಿಡಿ, ಗುಡ್ಡದ ಬುಡದಲ್ಲಿ ಚಹಾಕ್ಕೂ ನಿಲ್ಲಬೇಡಿ.

ಅಂಕೋಲಾದ ಮೀನು ಪೇಟೆ ಆ ಭಾರವನ್ನು ಸ್ವಲ್ಪ ಇಳಿಸಿತು. ಒಣಮೀನು, ಹಸಿಮೀನು, ಬಳಚು, ಎಲ್ಲಕ್ಕೂ ಚೌಕಾಸಿ. ಬೆಲೆ ಕೇಳಿ ಮುಂದೆ ಹೋದ ನನ್ನನ್ನು ಮೀನಿನ ಹೆಂಗಸು ವಾಪಸ್ ಕರೆದು, "ತಗೊಳ್ಳೂದಿಲ್ಲ ಅಂದ್ರೆ ಮೂಸಿ ಯಾಕೆ ನೋಡಿದ್ರಿ?" ಅಂದರು. ಪೇಟೆ ಪೂರಾ ನಕ್ಕಿತು. ಮೂಸಿರಲಿಲ್ಲ, ಅದು ಜಾಕೆಟ್ಟಿನ ವಾಸನೆ ಅಂತ ವಿವರಿಸುವ ಧೈರ್ಯ ಬರಲಿಲ್ಲ. ಕಾಲು ಕೆ.ಜಿ. ಒಣ ಸಿಗಡಿ ಕೊಂಡೆ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಎದ್ದು ನಿಂತ, ಕರ್ನಾಟಕದ ಬಾರ್ಡೋಲಿ ಅನ್ನಿಸಿಕೊಂಡ ಊರು. ಇವರ ಜೊತೆ ವಾದ ಗೆಲ್ಲಲು ಬ್ರಿಟಿಷರಿಗೇ ಆಗಲಿಲ್ಲ.

ಅಂಕೋಲಾದಿಂದ ಕಾರವಾರದ ದಾರಿಯಲ್ಲಿ ಬೇಲಿ ಶುರುವಾಗುತ್ತದೆ. 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗಾಗಿ ಇಲ್ಲಿಯ ಹಳ್ಳಿಗಳು ಎದ್ದು ಹೋದವು. ಕಡಲು ಕಾಣುತ್ತದೆ, ಮುಟ್ಟಲು ಸಿಗುವುದಿಲ್ಲ. ಬಿಣಗಾದ ಸುರಂಗ ಹೊಕ್ಕು ಹೊರಬಂದರೆ ನೇರ ಫ್ಲೈಓವರ್, ಅದರ ಕೆಳಗೆ ಕಾರವಾರ. ಸುರಂಗದೊಳಗೆ ತಂಪು, ಮೂರು ದಿನಗಳಲ್ಲಿ ಸಿಕ್ಕಿದ ಮೊದಲ ನಿಜವಾದ ನೆರಳು. ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರೆ. 1880ರ ದಶಕದಲ್ಲಿ ರವೀಂದ್ರನಾಥ ಟಾಗೋರರು, ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದು ಉಳಿದಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿದ್ದನ್ನು ನೆನೆದಿದ್ದಾರೆ. ಕಡಲತೀರಕ್ಕೆ ಅವರದೇ ಹೆಸರು. ಈಗ ಅಲ್ಲಿ ನಿಂತು ಊರಿನ ಕಡೆ ತಿರುಗಿದರೆ ಮೊದಲು ಕಾಣುವುದು ಫ್ಲೈಓವರಿನ ಕಂಬ. ಮೀನೂಟ, ಸೋಲ್‌ಕಡಿ ಮುಗಿಸಿ ಕೊನೆಯ ಹೊಳೆಗೆ ಹೊರಟೆವು.

ಕಾಳಿ ಅಗಲ. ಹಳೆ ಸೇತುವೆ 41 ವರ್ಷ ನಿಂತಿತ್ತು. 2024ರ ಆಗಸ್ಟ್ 7ರ ನಡುರಾತ್ರಿ ಕುಸಿಯಿತು, ಆಗ ಅದರ ಮೇಲಿದ್ದದ್ದು ಒಂದೇ ಲಾರಿ. ತಮಿಳುನಾಡಿನ ಚಾಲಕನನ್ನು ನೀರಿನಿಂದ ಜೀವಂತ ಎತ್ತಿದರು. ಈಗ ಹೋಗುವವರು, ಬರುವವರು ಇಬ್ಬರೂ ಪಕ್ಕದ ಹೊಸ ಸೇತುವೆಯ ಮೇಲೆ. ನಮ್ಮ ಬೈಕ್ ಒಂದು ಗ್ರಾನೈಟ್ ಲಾರಿಯ ಹಿಂದೆ ತೆವಳುತ್ತಾ ದಾಟಿತು. ಅಷ್ಟು ನಿಧಾನದಲ್ಲಿ ಮೇಲೆ ಸದಾಶಿವಗಡದ ಗುಡ್ಡ, ಕೆಳಗೆ ನೀರಿನ ಸೆಳೆತ ಎರಡೂ ಸರಿಯಾಗಿ ಕಂಡವು.

ಸದಾಶಿವಗಡದಲ್ಲಿ ಚಹಾ ಕುಡಿಯುತ್ತಾ ಅಂಗಡಿಯವರನ್ನು ಆ ದಿನದ ಬಗ್ಗೆ ಕೇಳಿದೆ. ಬೆಳಿಗ್ಗೆ ಎದ್ದಾಗ ಹೊಸ ಸೇತುವೆಯ ಮೇಲೂ ಬಿಡುತ್ತಿರಲಿಲ್ಲವಂತೆ, ಅದೂ ಗಟ್ಟಿ ಇದೆಯಾ ಅಂತ ಪರೀಕ್ಷೆ ಆಗಬೇಕಿತ್ತು. ಅವರ ಅಂಗಡಿಯ ಹಾಲು ಕಾರವಾರದಿಂದ ಬರುವುದು. "ಎದುರಿಗೇ ಊರು ಕಾಣ್ತದೆ, ಹೋಗ್ಲಿಕ್ಕೆ ಆಗೂದಿಲ್ಲ. ನಮ್ಮ ತಂದೆ ತಾರಿ (ದೋಣಿ) ದಾಟಿ ಕೋರ್ಟಿಗೆ ಹೋದ ಕತೆ ಹೇಳ್ತಿದ್ರು. ನಾವು ಸುಳ್ಳು ಅಂತಿದ್ವಿ" ಅಂದರು. ಹಾಲು ಬಂತಾ ಅಂದೆ. "ಎಲ್ಲಿಂದ? ಎರಡು ದಿನ ಕರಿ ಚಹಾ ಮಾರಿದೆ."

ಮಾಜಾಳಿ ಅಲ್ಲಿಂದ ಕಾಲು ಗಂಟೆ. ಚೆಕ್‌ಪೋಸ್ಟಿನಲ್ಲಿ ಗೋವಾದಿಂದ ಬರುವ ಕಾರುಗಳ ಡಿಕ್ಕಿ ತೆರೆಸಿ ಬಾಟಲಿ ಹುಡುಕುತ್ತಿದ್ದರು. ಹೋಗುವವರನ್ನು ಯಾರೂ ಕೇಳಲಿಲ್ಲ. ಗಡಿಯ ಕಲ್ಲಿನವರೆಗೆ ಹೋಗಿ ಬೈಕ್ ತಿರುಗಿಸಿದೆವು. ವಾಪಸ್ ಬರುವಾಗ ಪೊಲೀಸಿನವನು ಕೈ ಅಡ್ಡ ಹಿಡಿದು ಬ್ಯಾಗ್ ತೆರೆಯಿರಿ ಅಂದ. ತೆರೆದೆ. ಒಣ ಸಿಗಡಿ, ಮೇಲೆ ಮಡಚಿಟ್ಟ ಜಾಕೆಟ್. ಅವನು ಎರಡು ಹೆಜ್ಜೆ ಹಿಂದೆ ಸರಿದು, "ಹೋಗಿ, ಹೋಗಿ" ಅಂದ.